ಎತ್ತು ನೆಕ್ಕಿದ ಬೆಂಡ್ ಪೈಪು

ಕೋಲಾರದ ಚಿನ್ನದ ಗಣಿ ಊರಿಗಾಂ ವರ್ಕ್‌ಶಾಪಲ್ಲಿ ನನ್ನಂಥ ಪೈಪ್ ಫಿಟ್ಟರ್ ಹಿಂದೆ ಇರಲಿಲ್ಲ, ಮುಂದೆ ಬರಲಿಲ್ಲ. ಬೇರೆ ಯಾರೂ ಈ ಮಾತು ಹೇಳಲ್ಲ, ಅದಕ್ಕೇ ನಾನೇ ಹೇಳ್ತಿದೀನಿ.

ಚೇಷ್ಟೆ ಕೆಲಸದಲ್ಲೂ ಕೈ ಹಂಗೇ ಪಳಗಿತ್ತು. ನನ್ನ ಹೆಂಡ್ತಿ ಮುನಿಯಮ್ಮನ ರಾಗಿಮುದ್ದೆ ಎರಡು ದಿನ ಒಣಗಿದ್ರೆ ಕಲ್ಲಿಗೆ ಬುದ್ಧಿ ಹೇಳೋದು. ಅಂಥ ಒಂದು ಮುದ್ದೆಗೆ ಇದ್ದಿಲುಪುಡಿ, ಹರಳೆಣ್ಣೆ ತಿಕ್ಕಿ ಮಿರಮಿರ ಮಿಂಚಿಸಿ, "ಪಾಲಾರ್ ನದಿ ಕಲ್ಲು ಸಾರ್, ಕಾಗದ ಹಾರದಂಗೆ ಇಟ್ಕೊಳ್ಳಿ" ಅಂತ ನಮ್ಮ ಫೋರ್ಮನ್ ದೊರೆಸಾಮಿಗೆ ಕೊಟ್ಟಿದ್ದೆ. ಪುಣ್ಯಾತ್ಮ ಅದನ್ನ ಆರು ತಿಂಗಳಿಂದ ಮೇಜಿನ ಮೇಲೆ ಇಟ್ಕೊಂಡಿದ್ದ! ಬಂದೋರಿಗೆಲ್ಲ ತೋರಿಸ್ತಿದ್ದ!

ಅರವತ್ತನೇ ಇಸವಿ ಆಸುಪಾಸು. ಒಂದು ದಿನ ದೊರೆಸಾಮಿ ಕರೆದ.

"ಬಂಗಾರಪೇಟೆ ಗೂಡ್ಸ್ ಶೆಡ್ಡಿಗೆ ಒಂದು ಬೆಂಡ್ ಪೈಪ್ ಬಂದಿದೆ. ಗಣಿ ಒಳಕ್ಕೆ ಗಾಳಿ ತಳ್ಳೋ ಲೈನಿಗೆ ಹಾಕೋದು. ಮೈಮೇಲೆ ಒಂದು ಗೀರು ಬೀಳಬಾರ್ದು, ಪುರಿಯುದಾ, ತಿಳೀತಾ? ಸರಿಯಾಗಿ ತಂದ್ರೆ ಮೇಸ್ತ್ರಿ ಪೋಸ್ಟು ನಿಂಗೆ. ಇಲ್ಲಾಂದ್ರೆ ಚಿನ್ನಪ್ಪಂಗೆ."

ಚಿನ್ನಪ್ಪ! ಅವನಿಗೆ ಸ್ಪ್ಯಾನರ್ ಹಿಡಿಯೋದು ಕಲಿಸಿದ್ದೇ ನಾನು!

ಮೇಸ್ತ್ರಿ ಆದ್ರೆ ಎರಡು ರೂಮಿನ ಕ್ವಾರ್ಟರ್ಸು. ಕ್ವಾರ್ಟರ್ಸು ಅಂದ್ರೆ ಮನೆಯೊಳಗೇ ನಲ್ಲಿ. ಮುನಿಯಮ್ಮ ಒಂಬತ್ತು ವರ್ಷದಿಂದ ಬೀದಿ ನಲ್ಲೀಲಿ ಮೂರು ಭಾಷೇಲಿ ಜಗಳ ಆಡಿ ನೀರು ತರ್ತಿದ್ಲು.

"ಕೊಡ ಬೆಳಗಿಡು ಕಣೇ, ನಲ್ಲಿ ಮನೆಗೇ ಬತ್ತದೆ" ಅಂದೆ.

"ನಿನ್ ಬಾಯಾಗೆ ನಲ್ಲಿ ಯಾವಾಗ್ಲೂ ಸುರೀತಾನೇ ಇರ್ತದೆ. ಮನೇಲಿ ಸುರ್ದಾಗ ಹೇಳು" ಅಂದ್ಲು.

ವೆಂಕಟಪ್ಪನ ಎತ್ತಿನಗಾಡಿ ಕಟ್ಟಿಸ್ಕೊಂಡು ಬಂಗಾರಪೇಟೆಗೆ ಹೋದೆ. ಸದರಿ ಬೆಂಡು ಮಲಗಿದ ಆನೆ ಸೊಂಡಿಲಿನ ಹಂಗೆ ನುಣ್ಣಗೆ ಬಗ್ಗಿಕೊಂಡಿತ್ತು. ಬೇರೆ ಫಿಟ್ಟರುಗಳು ಗೋಣಿಚೀಲ ಸುತ್ತೋರು. ನಾನು ಬಿಡ್ತೀನಾ? ಹೊಸ ರಾಗಿಹುಲ್ಲು ತರಿಸಿ, ಹುರಿ ಮಾಡಿ, ಬಾಣಂತಿಗೆ ಹೊದಿಸ್ದಂಗೆ ಎರಡು ಗೇಣು ದಪ್ಪ ಸುತ್ತಿದೆ.

"ಏಮಪ್ಪಾ, ಉಲ್ಲು ಯಾಕೆ?" ವೆಂಕಟಪ್ಪ ಕೇಳ್ದ.

"ತಲೆ ಇರೋರ ಕೆಲಸ ಕಣ್ಲಾ ಇದು. ನೀನು ಗಾಡಿ ಒಡಿ."

ಅರ್ಧ ದಾರೀಲಿ ಟೀ ಅಂಗಡಿ ಸಿಕ್ತು. ವೆಂಕಟಪ್ಪ ಎತ್ತು ಬಿಚ್ಚಿ, ವಾಡಿಕೆ ಪ್ರಕಾರ ಗಾಡಿ ಹಿಂದಕ್ಕೇ ಕಟ್ಟಿದ. ನಾನು ಅಲ್ಲಿದ್ದ ನಾಲ್ಕು ಜನಕ್ಕೆ ಬೆಂಡ್ ಪೈಪಿನ ಮೈ ಕಾಪಾಡೋದು ಹೆಂಗೆ ಅಂತ ಒಂದು ಗಂಟೆ ಉಪನ್ಯಾಸ ಕೊಟ್ಟೆ. ಎಲ್ಲಾರೂ ನನ್ನ ಮುಖ ಬಿಟ್ಟು ನನ್ನ ಹಿಂದೆ ನೋಡ್ತಿದ್ರು. ಬೆರಗಾಗವ್ರೆ ಅಂದ್ಕೊಂಡೆ.

ತಿರುಗಿ ನೋಡ್ತೀನಿ, ಬೆಂಡು ಬರಿಮೈ! ಕರಿಯ ಅನ್ನೋ ಎತ್ತು ಕೊನೇ ಎಳೆ ಜಗೀತಾ, ಇನ್ನೂ ಐತಾ ಅಂತ ನನ್ನೇ ನೋಡ್ತಿತ್ತು.

ಮುಂದೆ ಉಬ್ಬಿನಲ್ಲಿ ಗಾಡಿ ಏರುವಾಗ ಬೆಂಡು ಜಾರಿ ಕಬ್ಬಿಣದ ಗೂಟಕ್ಕೆ ಉಜ್ಜಿಕೊಳ್ತು. ಬೆರಳುದ್ದ ಗೀರು!

ವರ್ಕ್‌ಶಾಪ್ ಬಾಗಿಲು ನಾವು ಬರೋ ಹೊತ್ತಿಗೆ ಹಾಕಿದ್ರು. ಬೆಂಡನ್ನ ಮನೆ ಮುಂದೆ ಇಳಿಸಿದೆ. ಮುನಿಯಮ್ಮ ಗೀರು ನೋಡಿದ್ಲು. ಕೊಡ ನೋಡಿದ್ಲು. ನನ್ನ ನೋಡಿದ್ಲು.

"ಓಯ್ತಾ ನಲ್ಲಿ?"

"ಓಗಕ್ಕೆ ಬಿಟ್ಟೇನೇನೇ? ಒಂದು ಮುದ್ದೆ ತೊಳಸು!"

ಆರು ತಿಂಗಳು ಫೋರ್ಮನ್ ಕಣ್ಣಿಗೇ ಕಲ್ಲಾಗಿದ್ದ ಮುದ್ದೆ ಒಂದು ದಿನ ಕಬ್ಬಿಣ ಆಗಲ್ವಾ? ಆದ್ರೆ ನುಣ್ಣನೆ ಮೈಮೇಲೆ ಮುದ್ದೆ ನಿಲ್ಲಬೇಕಲ್ಲ. ಬೀಸೋಕಲ್ಲಿಗೆ ಮುಳ್ಳು ಹಾಕೋ ಹಂಗೆ, ಗೀರಿನುದ್ದಕ್ಕೂ ಉಳಿ ಇಟ್ಟು ಇಪ್ಪತ್ತು ಕಚ್ಚು ಹೊಡೆದೆ. ಇದ್ದಿಲುಪುಡಿ ಕಲಸಿದ ಮುದ್ದೆ ಮೆತ್ತಿದೆ. ಹರಳೆಣ್ಣೆ ಉಜ್ಜಿದೆ. ಬೆಳಗಾಗೋ ಹೊತ್ತಿಗೆ ಗೀರು ಎಲ್ಲಿತ್ತು ಅಂತ ನನಗೇ ಸಿಗಲಿಲ್ಲ!

ವರ್ಕ್‌ಶಾಪಲ್ಲಿ ವೆಂಕಟಪ್ಪನ ಗಾಡೀಲಿ ತಂದು ಇಳಿಸಿದ ಬೆಂಡಿನ ಸುತ್ತ ದೊರೆಸಾಮಿ ಮೂರು ಸುತ್ತು ಹಾಕಿದ. ಅಂಗೈ ಆಡಿಸಿದ.

"ರೊಂಬ ನಲ್ಲಾ ಇರುಕ್ಕು! ಚಿನ್ನಪ್ಪಾ, ನೋಡಿ ಕಲಿ!"

ಚಿನ್ನಪ್ಪ ತಲೆ ಬಗ್ಗಿಸಿದ. ನನ್ನ ಕಿವೀಲಿ ನಲ್ಲಿ ನೀರಿನ ಸದ್ದು.

ಅದೇ ಗಳಿಗೇಲಿ ವೆಂಕಟಪ್ಪ ಎತ್ತು ಬಿಚ್ಚಿದ. ಬೆಂಡು ಅಂದ್ರೆ ಊಟ ಅಂತ ಹಿಂದಿನ ದಿನವೇ ಕಲಿತಿದ್ದ ಕರಿಯ ನೇರ ಬಂದು ನೆಕ್ಕಕ್ಕೆ ಶುರು ಮಾಡ್ತು. ಎರಡು ನೆಕ್ಕಿಗೆ ನಾಲಗೆ ಕಪ್ಪಗಾಯ್ತು. ಮೂರನೇದಕ್ಕೆ ಮುದ್ದೆ ಬಾಯಿಗೆ ಹೋಯ್ತು.

ದೊರೆಸಾಮಿ ನನ್ನ ನೋಡಿದ.

"ಮೈಯಲ್ಲಿ ಕಬ್ಬಿಣದಂಶ ಕಮ್ಮಿ ಇರೋ ಎತ್ತು ಸಾರ್" ಅಂದೆ.

ಅವನು ಸೀದಾ ಒಳಗೆ ಹೋಗಿ ಮೇಜಿನ ಮೇಲಿದ್ದ ಪಾಲಾರ್ ಕಲ್ಲು ತಂದು ಕರಿಯನ ಮುಂದೆ ಹಿಡಿದ.

ಕರುಂ!

ಅದನ್ನೂ ತಿಂತು.

ಆಮೇಲೆ ಬೆಂಡಿನ ಕಚ್ಚುಗಳ ಮೇಲೆ ಬೆರಳಾಡಿಸಿದ. "ಅಯ್ಯಾ, ಗೀರು ಗೀರಾಗೇ ಇದ್ದಿದ್ರೆ ಅರ ಹಾಕಿ ಉಜ್ಜಿ, ಬಣ್ಣ ಹೊಡೆದು ಅರ್ಧ ಗಂಟೇಲಿ ಮುಗಿಸ್ತಿದ್ದೆ. ಈ ಉಳಿ ಏಟು ಯಾರು ಹಾಕಿದ್ದು?"

"ಮುದ್ದೆ ನಿಲ್ಲಬೇಕಲ್ಲ ಸಾರ್..."

"ಇದಕ್ಕೆ ಗಾಳಿ ಬಿಟ್ಟಿದ್ರೆ ಒಡೆದು ಕೆಳಗಿರೋರು ಸತ್ತೋಗ್ತಿದ್ರು!"

ಜೇಬಲ್ಲಿದ್ದ ಉಳಿ ತೆಗೆದು ಅವನ ಕೈಗೆ ಕೊಟ್ಟೆ.

ಮೇಸ್ತ್ರಿ ಚಿನ್ನಪ್ಪ ಆದ. ಬೆಂಡು ಗುಜರಿ ಆಯ್ತು. "ನೀನೇ ಹೊತ್ಕೊಂಡು ಹೋಗು" ಅಂತ ನನಗೇ ಕಟ್ಟಿದ್ರು. ಚಿನ್ನಪ್ಪನ ಹೆಂಡ್ತಿ ಒಳ್ಳೇಳು, "ಅಕ್ಕಾ, ನಮ್ಮನೆ ನಲ್ಲೀಲೇ ನೀರು ಇಡ್ಕೊಳಿ" ಅಂತ ಕರೆದ್ಲು. ಮುನಿಯಮ್ಮ ಬೆಳಗಿದ ಕೊಡ ತಗೊಂಡು, ನನ್ನ ಕಡೆ ತಿರುಗಿಯೂ ನೋಡದೆ ಹೋದ್ಲು.

ಬೆಂಡನ್ನ ಬಚ್ಚಲ ನೀರು ಆಚೆ ಹೋಗಕ್ಕೆ ಹಾಕಿದೀನಿ. ಈಗ ಮೈಯೆಲ್ಲ ತುಕ್ಕು. ಕರಿಯನ ನಾಲಗೆಗೆ ಸಿಗದ ಮೂಲೇಲಿ ಎರಡು ಕಚ್ಚಿನೊಳಗೆ ಮುದ್ದೆ ಮಾತ್ರ ಅಲ್ಲಾಡದೆ ಕೂತೈತೆ. ಊರಿಗಾಂನಲ್ಲಿ ನಾನು ಮಾಡಿದ ರಿಪೇರೀಲಿ ಇವತ್ತಿಗೂ ನಿಂತಿರೋದು ಅದೊಂದೇ.

ಅದೂ ಅವಳು ತೊಳಸಿದ್ದು!