ಅತ್ತೆಯ ಕಣ್ಣಿಗೆ ಬೀಳದ ನಟ

ನನ್ನ ಬಾಮೈದನನ್ನು ನೀವೆಲ್ಲರೂ ಸಿನಿಮಾದಲ್ಲಿ ನೋಡಿದ್ದೀರಿ. ನೋಡಿದ್ದು ನಿಮಗೆ ಗೊತ್ತಿಲ್ಲ, ಅಷ್ಟೇ! ನಾಯಕ ಬಸ್ಸು ಹತ್ತುವಾಗ ಹಿಂದಿನ ಬಾಗಿಲಿನಿಂದ ಇಳಿದು ಹೋದನಲ್ಲ, ಅವನೇ ಇವನು. ಮದುವೆ ಮನೆಯಲ್ಲಿ ನಾಯಕಿ ಕಣ್ಣೀರಿಡುತ್ತಿದ್ದಾಗ ಹಿಂದೆ ಕೂತು ಪಾಯಸ ಬಡಿಸಿಕೊಳ್ಳುತ್ತಿದ್ದವನೂ ಇವನೇ. ತನ್ನನ್ನು ತಾನು ಉದಯೋನ್ಮುಖ ನಟ ಎಂದು ಕರೆದುಕೊಳ್ಳುತ್ತಾನೆ. ಉದಯಿಸುವುದಕ್ಕೆ ಇಷ್ಟು ವರ್ಷ ತೆಗೆದುಕೊಂಡ ಸೂರ್ಯನನ್ನು ಮಾತ್ರ ನಮ್ಮ ಕೊಳ್ಳೇಗಾಲದ ಕಡೆ ಯಾರೂ ಕಂಡಿಲ್ಲ. ಹೆಸರು ಹೇಳುವುದಿಲ್ಲ. ಹೇಳಿದರೆ ನನ್ನ ಹೆಂಡತಿ ನನಗೆ ಊಟ ಹಾಕುವುದಿಲ್ಲ.

ಅವನಿರುವುದು ಬಂಡಳ್ಳಿಯಲ್ಲಿ, ನನ್ನ ಅತ್ತೆಯ ಜೊತೆ. ಮಾವ ತೀರಿಕೊಂಡ ಮೇಲೆ ಹೊಲ ನೋಡಿಕೊಳ್ಳುವವನೂ ಅವನೇ. ಶೂಟಿಂಗ್ ಇಲ್ಲದ ದಿನ ಹೊಲಕ್ಕೆ ಹೋಗುತ್ತಾನೆ. ಅಂದರೆ ಹೆಚ್ಚುಕಡಿಮೆ ವರ್ಷವೆಲ್ಲ ಹೊಲಕ್ಕೆ ಹೋಗುತ್ತಾನೆ! ಪ್ರಶಸ್ತಿ, ಹಾರ, ತುರಾಯಿ ಯಾವುದರ ಮೇಲೂ ಅವನಿಗೆ ಆಸೆಯಿಲ್ಲ. ಇರುವುದು ಒಂದೇ ಆಸೆ: ಅವನವ್ವ ಅವನನ್ನು ಪರದೆಯ ಮೇಲೆ ನೋಡಬೇಕು.

ಮೊದಲ ಸಿನಿಮಾಕ್ಕೆ ಇಡೀ ಮನೆಯನ್ನು ಗೂಡ್ಸ್ ಆಟೋದಲ್ಲಿ ತುಂಬಿಕೊಂಡು ಕೊಳ್ಳೇಗಾಲಕ್ಕೆ ಬಂದ. ಅತ್ತೆಯ ಪಕ್ಕ ಕೂತು, "ಅವ್ವ, ಈಗ ಬತ್ತೀನಿ, ನೋಡು, ಈಗ ಬತ್ತೀನಿ" ಅಂತ ಒಂದೇ ಸಮನೆ ಹೇಳುತ್ತಿದ್ದ. ಸರಿಯಾಗಿ ಆ ಹೊತ್ತಿಗೆ ಅತ್ತೆಯ ಕೈಯಿಂದ ಕಡಲೆಕಾಯಿ ಪೊಟ್ಟಣ ಜಾರಬೇಕೆ! ಅವರು ಬಗ್ಗಿ ಎತ್ತಿಕೊಂಡು ತಲೆಯೆತ್ತಿದರು.

"ಎಲ್ಲಿ ಬಂದೆ?"

"ಬಂದು ಓದ್ನಲ್ಲವ್ವ!"

"ಒಸಿ ಒತ್ತು ನಿಂತ್ಕಳಾಕೆ ಏನಾಗಿತ್ಲಾ ನಿಂಗೆ?"

ಆಮೇಲೆ ಒಂದು ಧಾರಾವಾಹಿಯಲ್ಲಿ ಕಾರು ಡ್ರೈವರ್ ಆದ. ಕಂಡಿದ್ದು ಬರೀ ತಲೆಯ ಹಿಂಭಾಗ. ಇನ್ನೊಂದರಲ್ಲಿ ರೋಗಿಯಾದ. ಮುಖದ ತುಂಬ ಬ್ಯಾಂಡೇಜು. ಅತ್ತೆ ಅದನ್ನು ಬಹಳ ಹೊತ್ತು ಪರೀಕ್ಷಿಸಿ, "ಇದು ನೀನೇ ಅನ್ನಾಕೆ ಏನ್ಲಾ ಸಾಕ್ಷಿ?" ಅಂದರು. ಪಾಪ, ಆ ರಾತ್ರಿ ಅವನು ಉಣ್ಣಲಿಲ್ಲ.

ಇಷ್ಟು ಸಣ್ಣ ಪಾತ್ರಗಳಿಗೂ ಅವನು ಮಾಡಿಕೊಳ್ಳುವ ತಯಾರಿ ಇದೆಯಲ್ಲ, ಅದನ್ನು ಕೇಳಬೇಕು! "ಭಾವ, ನಟ ಅಂದ್ರೆ ಕಳ್ಳ ಇದ್ದಂಗೆ. ಕಂಡೋರ ನಡಿಗೆ, ಕಂಡೋರ ಅಳು, ಎಲ್ಲಾನೂ ಕದೀಬೇಕು" ಅನ್ನುತ್ತಾನೆ. ಕದಿಯಲಿ, ಬೇಡವೆಂದವರಾರು? ಸಿಕ್ಕಿಹಾಕಿಕೊಳ್ಳಬಾರದು, ಅಷ್ಟೇ.

ಕುಡುಕನ ಪಾತ್ರ ಸಿಕ್ಕಿದಾಗ ರಾಮಾಪುರದ ಬಸ್ ಸ್ಟಾಪಿಗೆ ಹೋಗಿ ತೂರಾಡುವುದನ್ನು ಅಭ್ಯಾಸ ಮಾಡಿದ. ಇವನು ಜನ್ಮದಲ್ಲಿ ಒಂದು ತೊಟ್ಟು ಮುಟ್ಟಿದವನಲ್ಲ. ಒಬ್ಬ ಪೊಲೀಸಿನವರು ಹಿಡಿದು ನಿಲ್ಲಿಸಿ ಬಾಯಿ ಊದಿಸಿದರು. ವಾಸನೆಯೇ ಇಲ್ಲ! ಅವರಿಗೆ ಸಿಟ್ಟೇ ಬಂತಂತೆ. "ಕುಡೀದೇನೇ ಇಂಗಾಡ್ತೀಯಲ್ಲೋ, ಕುಡುದ್ರೆ ನಿನ್ನ ಇಡಿಯೋರು ಯಾರ್ಲಾ?" ಎಂದು ಬೈದು ಅವರೇ ಬಸ್ಸು ಹತ್ತಿಸಿದರು.

ಅಳುವ ಪಾತ್ರದ ಕಥೆ ಇನ್ನೂ ಘೋರ. ಗ್ಲಿಸರಿನ್ ಹಾಕಿಕೊಂಡು ಅಳುವುದು ಮೋಸ ಎಂಬುದು ಇವನ ಸಿದ್ಧಾಂತ. ಶಾಗ್ಯದಲ್ಲಿ ಯಾರೋ ಹಿರಿಯ ಯಜಮಾನರು ತೀರಿಕೊಂಡರೆಂದು ಕೇಳಿದವನೇ, ಅಳುವುದನ್ನು ಕಲಿಯಲು ಹೊರಟ. ನಮ್ಮ ಕಡೆ ಹೆಂಗಸರು ಸತ್ತವರ ಗುಣವನ್ನೆಲ್ಲ ಹೇಳಿಕೊಂಡು ರಾಗವಾಗಿ ಅಳುತ್ತಾರೆ. ಮೂಲೆಯಲ್ಲಿ ನಿಂತು ನೋಡಿಕೊಂಡು ಬಂದಿದ್ದರೆ ಚೆನ್ನಾಗಿತ್ತು. ನೋಡುತ್ತ ನೋಡುತ್ತ ಇವನಿಗೆ ಸ್ಫೂರ್ತಿ ಬಂದುಬಿಟ್ಟಿತು! "ನಮ್ಮನ್ನೆಲ್ಲ ಬುಟ್ಬುಟ್ಟು ಓದ್ರಾ" ಎಂದು ಹೆಣದ ಮುಂದೆ ಕುಸಿದು ಕೂತು ಅತ್ತ. ಹೆತ್ತ ಮಕ್ಕಳ ಅಳು ಇವನ ಮುಂದೆ ಸಪ್ಪೆಯಾಗಿಹೋಯಿತು. ಸತ್ತವರ ಹೆಂಡತಿ ತಮ್ಮ ಅಳು ನಿಲ್ಲಿಸಿ, ಕಣ್ಣೊರೆಸಿಕೊಂಡು, ಇವನ ಹಣೆ, ಮೂಗು, ಕಿವಿಯನ್ನೆಲ್ಲ ಒಂದೊಂದಾಗಿ ದಿಟ್ಟಿಸಿದರು. ಆಮೇಲೆ ನಿಧಾನವಾಗಿ ಗಂಡನ ಹೆಣದ ಕಡೆ ತಿರುಗಿ ಕೇಳಿದರು:

"ಅಲ್ಲಾ, ಇವ್ನ್ಯಾರು? ಇವನವ್ವ ಯಾವೂರೋಳು?"

ಇಲ್ಲದ ಸವತಿಯನ್ನು ಹುಡುಕಿಕೊಂಡು ಆ ಮನೆಯವರು ಬಂಡಳ್ಳಿಗೇ ಬಂದರು. ಅತ್ತೆ ಅವರಿಗೆಲ್ಲ ಕಾಫಿ ಕೊಟ್ಟು, "ನನ್ ಮಗುನ್ಗೆ ಆಕ್ಟಿಂಗ್ ಕಣ್ರಪ್ಪ" ಎಂದು ತಿಳಿಸಿ ಹೇಳಿದರು. "ಮೊದ್ಲೇ ಒಳ್ಳೆ ಡಾಕ್ಟ್ರಿಗೆ ತೋರುಸ್ಬೇಕಿತ್ತು" ಎಂದು ಮರುಗಿ ಅವರು ಎದ್ದು ಹೋದರು.

ಹೋದ ವರ್ಷ ಅಂತೂ ಒಂದು ಧಾರಾವಾಹಿಯಲ್ಲಿ ಇಡೀ ಒಂದು ದೃಶ್ಯ ಸಿಕ್ಕಿತು. ಮುದುಕನ ವೇಷ. ಹೊಲದಿಂದ ಮನೆಗೆ ಬಂದು ಜಗುಲಿಯ ಮೇಲೆ ಕೂರಬೇಕು. ತಕ್ಷಣ ಯಳಂದೂರಿನ ಸಂತೆಗೆ ಹೋಗಿ ಒಬ್ಬ ಅಜ್ಜನ ನಡಿಗೆ ಕದಿಯಲು ಬೆನ್ನು ಹತ್ತಿದ. ಅಜ್ಜ ಸೊಪ್ಪಿನ ಅಂಗಡಿಗೆ ಹೋದರೆ ಇವನೂ ಅಲ್ಲಿ. ಅಜ್ಜ ಟೀ ಕುಡಿದರೆ ಇವನಿಗೂ ಟೀ. ಕೊನೆಗೆ ಅಜ್ಜ ತಿರುಗಿ ನಿಂತು, "ನೋಡಪ್ಪ, ನನ್ ಮೊಮ್ಮಗಳಿಗೆ ಗಂಡು ಗೊತ್ತಾಗೈತೆ, ನೀನು ಸುಮ್ಕೆ ಊರಿಗ್ ಓಗು" ಅಂದರಂತೆ!

ಧಾರಾವಾಹಿ ಬರುವ ಸಂಜೆ ನಾವೆಲ್ಲ ಬಂಡಳ್ಳಿಯಲ್ಲಿ ಸೇರಿದೆವು. ಅತ್ತೆಯನ್ನು ಟೀವಿಯ ಎದುರಿಗೇ ಕೂರಿಸಿ, "ಅವ್ವ, ಇವತ್ತೊಂದಿನ ತಲೆ ತಗ್ಗಿಸ್ಬ್ಯಾಡ" ಎಂದು ಬೇಡಿಕೊಂಡ. "ಕಣ್ಣು ಅಲ್ಲೇ ಅವೆ ಕಣಪ್ಪ" ಅಂದರು. ಆದರೆ ಅವರ ಮಡಿಲಲ್ಲಿ ಅವರೆಕಾಯಿ ಮೊರ ಇತ್ತು. ದೃಶ್ಯ ಶುರುವಾಗುವುದಕ್ಕೂ ಒಂದು ಕಾಯಿ ಉರುಳಿ ಮಣೆಯ ಕೆಳಗೆ ಹೋಗುವುದಕ್ಕೂ ಸರಿಹೋಯಿತು. ಅತ್ತೆ ಬಗ್ಗಿ ಹುಡುಕತೊಡಗಿದರು. ನಾನು ನಗಲೆಂದು ಬಾಮೈದನ ಮುಖ ನೋಡಿದೆ. ನಗು ಬರಲಿಲ್ಲ. ಅಳುವುದನ್ನು ಕಲಿಯಲು ಅವನು ಶಾಗ್ಯಕ್ಕೆ ಹೋಗಬೇಕಾಗಿರಲಿಲ್ಲ ಅನ್ನಿಸಿತು.

ಟೀವಿಯಲ್ಲಿ ಒಬ್ಬ ಮುದುಕ ಬಂದ. ಮೆಟ್ಟು ಬಿಟ್ಟ. ಹೆಗಲ ಟವಲನ್ನು ಜಗುಲಿಯ ಮೇಲೆ ಒದರಿದ. ಬಾಗಿಲ ಕಡೆ ಮುಖ ಮಾಡಿ ಕೆಮ್ಮಿದ, ಮೊದಲು ಒಂದು ಚಿಕ್ಕದು, ಆಮೇಲೆ ಎಳೆದು ಒಂದು. ನಮ್ಮ ಕಡೆ ಹಿಂದಿನ ಗಂಡಸರು ಸದ್ದಿಲ್ಲದೆ ಮನೆಯೊಳಕ್ಕೆ ಬರುತ್ತಿರಲಿಲ್ಲ. ಬಂದೆ ಎಂದು ಒಳಗಿನವರಿಗೆ ತಿಳಿಯಲಿ ಅಂತ ಬಾಗಿಲಲ್ಲೇ ಕೆಮ್ಮುತ್ತಿದ್ದರು.

ಬಗ್ಗಿದ್ದ ಅತ್ತೆ ದಡಬಡಿಸಿ ಎದ್ದರು. ಮೊರ ಬಿದ್ದು ಅವರೆಕಾಯಿ ನೆಲದ ತುಂಬ ಚೆಲ್ಲಿತು. ಸೆರಗು ಹೊದ್ದುಕೊಂಡು, ಟೀವಿಯ ಕಡೆಗಲ್ಲ, ನಮ್ಮ ಬೀದಿ ಬಾಗಿಲ ಕಡೆ ತಿರುಗಿ ಹೇಳಿದರು:

"ಯಾಕೆ ಇಷ್ಟೊತ್ತಾಯ್ತು? ಕೈಕಾಲ್ ತೊಳ್ಕಬನ್ನಿ, ಮುದ್ದೆ ಆರೋಯ್ತದೆ."

ಬಾಗಿಲಲ್ಲಿ ಯಾರೂ ಇರಲಿಲ್ಲ. ನನ್ನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ಎಲ್ಲರಿಗೂ ಕೊಂಕು ಮಾತಾಡುವ ನನಗೂ ಕಣ್ಣು ತುಂಬಿತು. ಅದನ್ನು ಯಾಕೆ ಮುಚ್ಚಿಡಲಿ?

"ನಾನೇ ಕಣವ್ವ ಅದು," ಅಂದ ಬಾಮೈದ. "ಯಳಂದೂರಿನ ಅಜ್ಜನ್ನ ನೆನೆಸ್ಕಂಡು ನಿಂತಿದ್ದೆ. ಬಾಗ್ಲು ಕಾಣ್ತಿದ್ದಂಗೆ ಅಪ್ಪಾಜಿ ಕೆಮ್ಮೇ ಬಂದ್ಬುಡ್ತು."

ಅತ್ತೆ ಈ ಸಲವೂ ಮಗನನ್ನು ಪರದೆಯ ಮೇಲೆ ನೋಡಲಿಲ್ಲ. ಅವನಿಗೆ ಅದು ನೆನಪೇ ಇರಲಿಲ್ಲ. ಅವ್ವನ ಮುಖವನ್ನೇ ನೋಡುತ್ತಿದ್ದ.

ಧಾರಾವಾಹಿ ಮುಗಿಯಿತು. ನೆಲದ ಅವರೆಕಾಯಿ ಆಯ್ದು ಮೊರಕ್ಕೆ ತುಂಬಿದೆವು. ಬಹಳ ಹೊತ್ತಾದ ಮೇಲೆ ಅತ್ತೆ ಮೆಲ್ಲಗೆ, "ಇನ್ನೊಂದ್ ಸಲ ಕೆಮ್ಮು ಮಗ" ಅಂದರು.

ಅವನು ಕೂತಲ್ಲಿಂದ ಕೆಮ್ಮಲಿಲ್ಲ. ಎದ್ದು ಹೊರಗೆ ಹೋದ. ಮೆಟ್ಟು ಹಾಕಿಕೊಂಡು ಬೀದಿಯವರೆಗೂ ನಡೆದು ತಿರುಗಿ ಬಂದ. ಜಗುಲಿಯ ಮೇಲೆ ಟವಲು ಒದರಿದ ಸದ್ದು ಕೇಳಿಸಿತು. ಒಳಗೆ ನನ್ನ ಅತ್ತೆ ಆಗಲೇ ಎದ್ದು ನಿಂತು, ಸೆರಗು ಸರಿಮಾಡಿಕೊಂಡು ಕಾಯುತ್ತಿದ್ದರು.