ಮಾವನ ಲಂಡನ್–ಪ್ಯಾರಿಸ್ ವಿಮಾನ

ನಮ್ಮ ಸೋದರಮಾವ ದಿನಕ್ಕೆ ಎರಡು ಸಲವಾದರೂ ಲಂಡನ್ನಿನಿಂದ ಪ್ಯಾರಿಸ್ಸಿಗೆ ಹೋಗಿಬರುತ್ತಿದ್ದರು ಎಂದರೆ ನೀವು ನಂಬುವುದಿಲ್ಲ. ಬಿಡಿ, ನಂಬಬೇಡಿ! ಧಾರವಾಡದಿಂದ ಗುಮಾಸ್ತಿಕೆಗೆಂದು ಪುಣೆಗೆ ಬಂದಿಳಿದ ಮೇಲೆ ಅವರು ಊರಂಚಿನ ಯೆರವಡೆಯ ಆಚೆ ಕಾಲಿಟ್ಟದ್ದನ್ನು ನಾನೂ ಕಂಡಿಲ್ಲ. ಆದರೆ ಅವರ ಹತ್ತಿರ ಒಂದು ಹರಿದ ಭೂಪಟವಿತ್ತು, ಅಳೆಯಲು ದಾರವಿತ್ತು, ವಿಮಾನದ ವೇಳೆ ಅಚ್ಚಾದ ಪತ್ರಿಕೆಯ ತುಣುಕುಗಳಿದ್ದವು. ಇನ್ನೇನು ಬೇಕು? ಲಂಡನ್–ಪ್ಯಾರಿಸ್ ಇನ್ನೂರ ಚಿಲ್ಲರೆ ಮೈಲು, ಎರಡೂವರೆ ತಾಸು. ಇದನ್ನು ಕೇಳಿಸಿಕೊಳ್ಳದೆ ನಾವೆಲ್ಲ ಬಾಡಿಗೆಗಿದ್ದ ವಾಡೆಯಲ್ಲಿ ಯಾರೂ ಚಹಾ ಕುಡಿದವರಿಲ್ಲ.

ಒಮ್ಮೆ ಟಾಂಗಾದವನಿಗೆ, ನಾರಾಯಣ ಪೇಟೆಯಿಂದ ಸ್ಟೇಶನ್ನಿಗೆ ವಿಮಾನದಲ್ಲಾದರೆ ಒಂದೇ ನಿಮಿಷ ಎಂದರು. ಅವನು ಕುದುರೆ ನಿಲ್ಲಿಸಿ, ಹಾಗಾದರೆ ಇಳಿದು ಹಾರಿಕೊಂಡೇ ಹೋಗಿ ಎಂದು ಮರಾಠಿಯಲ್ಲಿ ಕೈಮುಗಿದ. ನನ್ನ ಅಕ್ಕನನ್ನು ನೋಡಲು ಬಂದ ವರನಿಗೆ, ರೋಮಿನಿಂದ ವಿಯೆನ್ನಾಕ್ಕೆ ಎಷ್ಟು ದೂರ ಎಂದು ಕೇಳಿದರು! ಪಾಪ, ಬಾಯಲ್ಲಿದ್ದ ಉಪ್ಪಿಟ್ಟು ಬಾಯಲ್ಲೇ ಉಳಿಯಿತು. ಸಂಬಂಧವೇನೋ ಕುದುರಿತು, ಆದರೆ ಭಾವ ಇವತ್ತಿಗೂ ನಮ್ಮ ಮನೆಗೆ ಬರುವ ಮೊದಲು ಭೂಪಟ ತಿರುವಿ ಹಾಕುತ್ತಾರೆ.

ನಗಬೇಡಿ, ಲೆಕ್ಕದಲ್ಲಿ ಮಾತ್ರ ಮನುಷ್ಯ ಅಪರಂಜಿ. ಪತ್ರಿಕೆಯೊಂದು ವಿಮಾನದ ವೇಳೆಯನ್ನು ಹತ್ತು ನಿಮಿಷ ತಪ್ಪಾಗಿ ಹಾಕಿತೆಂದು ಸಂಪಾದಕರಿಗೆ ಮೂರು ಕಾಗದ ಬರೆದವರು. ಯಾರ ಮುಲಾಜಿಗೂ ಒಂದು ನಿಮಿಷ ಬಿಟ್ಟುಕೊಟ್ಟವರಲ್ಲ.

ಅಂಥವರ ಬಳಿ ಒಂದು ದಿನ ಕೆಳಗಿನ ಖಾನಾವಳಿಯ ಗಂಗಕ್ಕ ಕಾಗದ ಹಿಡಿದು ಬಂದಳು. ಅವಳ ಒಬ್ಬನೇ ಮಗ ಮುಂಬಯಿಯ ಶೇಟರೊಬ್ಬರ ಅಡುಗೆಯವನಾಗಿ ವಿಲಾಯತಿಗೆ ಹೋಗಿದ್ದ. ಶೇಟರಿಗೆ ಅವನ ಕೈಯ ಬೇಳೆಸಾರಿಲ್ಲದೆ ತುತ್ತು ಇಳಿಯದು. ಹೀಗಾಗಿ ಬರುವ ಸೋಮವಾರ ಬೆಳಿಗ್ಗೆ ಒಂಬತ್ತರ ವಿಮಾನದಲ್ಲಿ ಅವನನ್ನೂ ಲಂಡನ್ನಿನಿಂದ ಪ್ಯಾರಿಸ್ಸಿಗೆ ಒಯ್ಯುವವರಿದ್ದರು. ಮಗ ನೆಲ ಮುಟ್ಟುವವರೆಗೆ ಹನಿ ನೀರೂ ಮುಟ್ಟುವುದಿಲ್ಲವೆಂದು ಗಂಗಕ್ಕ ದೇವರ ಮುಂದೆ ಆಣೆ ಮಾಡಿಬಿಟ್ಟಿದ್ದಳು. ತಂತಿ ಬರುವುದೋ ಮರುದಿನ! ಮಾವ ಲೆಕ್ಕ ಹಾಕಿ ಹೇಳಿದರು: ಅಲ್ಲಿ ಒಂಬತ್ತೆಂದರೆ ಇಲ್ಲಿ ಎರಡೂವರೆ, ಸರಿಯಾಗಿ ಐದಕ್ಕೆ ಇಳಿಯುತ್ತದೆ.

ಸೋಮವಾರ ಖಾನಾವಳಿಯ ಮೆಟ್ಟಿಲ ಮೇಲೆ ಮಾವ ಗಡಿಯಾರ ಹಿಡಿದು ಕುಳಿತರು. ಮಾರ್ಚಿನ ಬಿಸಿಲು. ವಿಮಾನ ಎದ್ದಿತು ಎಂದರು, ಹೊಲಗಳ ಮೇಲಿದೆ ಎಂದರು, ಈಗ ಸಮುದ್ರ ಬಂತು ಎಂದರು. ಸಮುದ್ರ ಎಂದದ್ದೇ ತಡ, ಹಿಂದಿನ ರಾತ್ರಿಯಿಂದ ಉಪವಾಸವಿದ್ದ ಗಂಗಕ್ಕ ಕಂಬ ಹಿಡಿದು ಕುಸಿದಳು. ತುಟಿ ಒಣಗಿ ಬಿಳಿಚಿತ್ತು. ಮಾವ ಗಡಿಯಾರ ನೋಡಿದರು, ಅವಳನ್ನು ನೋಡಿದರು.

"ಇಳೀತು ನೋಡವಾ. ಮಗಾ ನೆಲಾ ಮುಟ್ಟಿದಾ. ನೀರು ಕುಡಿ."

ಗಡಿಯಾರ ನೋಡಲು ಬಾರದ ಗಂಗಕ್ಕ ಗಟಗಟನೆ ಕುಡಿದು, ಅತ್ತು, ಮಾವನ ಕೈಗೆ ಮಜ್ಜಿಗೆಯ ಲೋಟ ಕೊಟ್ಟು ದೇವರಿಗೆ ದೀಪ ಹಚ್ಚಲು ಒಳಗೆ ಹೋದಳು. ಮರುದಿನ ತಂತಿಯೂ ಬಂತು, ಹುಡುಗ ಕ್ಷೇಮವಾಗಿಯೇ ಇದ್ದ. ಆದರೆ ಆ ಗಳಿಗೆಯಲ್ಲಿ ನಮಗೇನು ಗೊತ್ತು? ಗಡಿಯಾರದಲ್ಲಿ ಇನ್ನೂ ನಾಲ್ಕೂ ಆಗಿರಲಿಲ್ಲ. ನಾನು ಮೆಲ್ಲಗೆ, ಇನ್ನೂ ಒಂದು ತಾಸಿನ ಮೇಲಿದೆಯಲ್ಲ ಮಾವ ಎಂದೆ.

"ಹೌದು, ಇನ್ನೂ ಸಮುದ್ರದ ಮ್ಯಾಲೇ ಅದ," ಎಂದು ಮಾವ ಲೋಟವನ್ನು ಮುಟ್ಟದೆ ಪಕ್ಕಕ್ಕಿಟ್ಟರು. "ಆಕಿ ಕೈಲೆ ಆಗಲಿಲ್ಲ. ಉಳಿದ ಉಪಾಸ ನಾ ಮಾಡ್ತೀನಿ."

ಐದಾಗುವವರೆಗೆ ಅವರು ಆ ಬಿಸಿಲಲ್ಲಿ ಗಂಟಲೊಣಗಿಸಿಕೊಂಡು ಕುಳಿತೇ ಇದ್ದರು. ನನಗೆ ಅಳು ಬಂತು. ನಾನೂ ಪಕ್ಕದಲ್ಲಿ ಕುಳಿತೆ.