ಗಂಟೆಯಿಲ್ಲದ ಲಿಫ್ಟಿನಲ್ಲಿ ಇಬ್ಬರು ಷಡ್ಡಕರು

ಷಡ್ಡಕ: ಭಾವ, ಅದನ್ನ ಎಷ್ಟು ಒತ್ತಿದ್ರೂ ಅಷ್ಟೇ. ಅದು ಗಂಟೆ ಅಲ್ಲ, ಗಂಟೆಯ ಚಿತ್ರ.

ಭಾವ: ಚಿತ್ರ ಅಂತ ನಂಗೂ ಗೊತ್ತು. ಹಿಂದೆ ಏನಾದ್ರೂ ಇರಬಹುದು ಅಂತ ಒತ್ತಿದೆ.

ಷಡ್ಡಕ: ಹಿಂದೆ ಗೋಂದು ಇದೆ.

(ಲಿಫ್ಟು ಐದನೇ ಮಹಡಿ ಮುಟ್ಟುವ ಮೊದಲೇ ನಿಂತುಬಿಟ್ಟಿತ್ತು. ಒಳಗೆ ಸಿಕ್ಕಿಕೊಂಡವರು ಅಕ್ಕತಂಗಿಯರ ಗಂಡಂದಿರು. ಇಬ್ಬರೂ ಸರ್ಕಾರಿ ವಕೀಲರೇ, ಆದರೆ ಬೇರೆ ಬೇರೆ ಸರ್ಕಾರಗಳಿಗೆ. ಭಾವ ಈ ದೇಶದವನು; ಷಡ್ಡಕ ಗಡಿಯಾಚೆಯಿಂದ ಊಟಕ್ಕೆ ಬಂದವನು. ಎರಡೂ ದೇಶಗಳು ಒಂದೇ ಒಕ್ಕೂಟಕ್ಕೆ ಸೇರಿದ್ದವು. ಲಿಫ್ಟಿಗೆಲ್ಲ ಎಚ್ಚರಿಕೆಯ ಗಂಟೆ ಇರಬೇಕೆಂದು ಆ ಒಕ್ಕೂಟ ಕಾನೂನು ಮಾಡಿ ವರ್ಷಗಳೇ ಕಳೆದಿದ್ದವು.)

ಷಡ್ಡಕ: ಕಾನೂನು ಇದೆ. ಗಂಟೆ ಎಲ್ಲಿ?

ಭಾವ: ಆ ಕಾನೂನನ್ನ ನಮ್ಮ ಭಾಷೆಗೆ ಇಳಿಸಿದ್ದೇ ನಾನು. 'ಲಿಫ್ಟಿನೊಳಗೆ ಗಂಟೆಯನ್ನು ಸೂಚಿಸತಕ್ಕದ್ದು.' ಸೂಚಿಸಿದ್ದೀವಲ್ಲ!

ಷಡ್ಡಕ: ಮೂಲದಲ್ಲಿ 'ಅಳವಡಿಸತಕ್ಕದ್ದು' ಅಂತಿದೆ!

ಭಾವ: ಅನುವಾದ ಅಂದಮೇಲೆ ಸ್ವಲ್ಪ ಹೆಚ್ಚುಕಮ್ಮಿ ಆಗುತ್ತಪ್ಪ.

(ಮೇಲಿನಿಂದ ಭಾವನ ಹೆಂಡತಿಯ ದನಿ.)

ಹೆಂಡತಿ: ರೀ! ಏನಾಯ್ತು? ಜೋರಾಗಿ ಹೇಳ್ರೀ!

ಭಾವ: ಗಂಟೆ ಕಣೇ! ಗಂಟೆ!

ಹೆಂಡತಿ: ಒಂದೂವರೆ! ಊಟಕ್ಕೆ ಬರೋ ಹೊತ್ತಾ ಇದು?

ಭಾವ: ಆ ಗಂಟೆ ಅಲ್ವೇ, ಹೊಡೆಯೋ ಗಂಟೆ! ಇಲ್ಲಿ ಗಂಟೆ ಹೊಡೀತಿಲ್ಲ!

ಹೆಂಡತಿ: ಗೋಡೆ ಗಡಿಯಾರ ಕೆಟ್ಟು ತಿಂಗಳಾಯ್ತು, ರಿಪೇರಿ ಮಾಡಿಸಿ ಅಂತ ಬಾಯಿ ಬಡ್ಕೊಂಡೆ. ಈಗ ನೆನಪಾಯ್ತಾ?

ಷಡ್ಡಕ: ಅಕ್ಕಾ, ಲಿಫ್ಟು ನಿಂತುಹೋಗಿದೆ!

ಹೆಂಡತಿ: ಅಯ್ಯೋ, ಮೊದಲು ಅದನ್ನ ಹೇಳಬಾರದಾ! ಮೆಕ್ಯಾನಿಕ್‌ಗೆ ಫೋನ್ ಮಾಡ್ತೀನಿ.

(ಚಪ್ಪಲಿ ಸದ್ದು ದೂರವಾಯಿತು. ಷಡ್ಡಕ ಗೋಡೆಗೆ ಒರಗಿದ.)

ಷಡ್ಡಕ: ಒಕ್ಕೂಟದ ಸಭೇಲಿ ಈ ಕಾನೂನಿಗೆ ಎಲ್ಲರಿಗಿಂತ ಮೊದಲು ಕೈ ಎತ್ತಿದವರು ನೀವು. ಭಾಷಣ ಬೇರೆ. 'ಪ್ರಯಾಣಿಕನ ಪ್ರಾಣವೇ ನಮ್ಮ ಪ್ರಾಣ' ಅಂದ್ರಿ. ನಾನು ಕಣ್ಣೊರೆಸಿಕೊಂಡೆ.

ಭಾವ: ನೀನಾ? ಕೊನೇವರೆಗೂ ಬೇಡ ಬೇಡ ಅಂತ ಅಡ್ಡ ಮಲಗಿದವನು! ಗಂಟೆ ಎಷ್ಟು ದಪ್ಪ, ಸದ್ದು ಎಷ್ಟು ಜೋರು, ಖರ್ಚು ಯಾರ ತಲೆಗೆ ಅಂತ ಪ್ರಾಣ ತಿಂದೆ. ಆಮೇಲೆ ನೋಡಿದ್ರೆ ಎಲ್ಲರಿಗಿಂತ ಮೊದಲು ಹಾಕಿಸಿದವರೂ ನೀವೇ. ಬೇಡ ಅಂದೋರು ಯಾಕಯ್ಯಾ ಹಾಕಿದ್ರಿ?

ಷಡ್ಡಕ: ಪಾಸಾದ್ರೆ ಹಾಕಲೇಬೇಕು ಅಂತ ಗೊತ್ತಿತ್ತು. ಅದಕ್ಕೇ ಬೇಡ ಅಂದದ್ದು. ನೀವ್ಯಾಕೆ ಬೇಕು ಅಂದ್ರಿ?

ಭಾವ: ಹಾಕೋದಿಲ್ಲ ಅಂತ ಗೊತ್ತಿದ್ದ ಮೇಲೆ ಬೇಡ ಅಂದು ಯಾಕೆ ನಿಷ್ಠುರ ಕಟ್ಕೊಳ್ಳೋದು?

ಷಡ್ಡಕ: ಒಕ್ಕೂಟದಿಂದ ನೋಟಿಸು ಬರಲಿಲ್ವಾ?

ಭಾವ: ಬಂತು. ಅರ್ಥ ಆಗಲಿಲ್ಲ ಅಂತ ಬರೆದೆ. ಅರ್ಥ ವಿವರಿಸಿ ಇನ್ನೊಂದು ಬಂತು. ಅಷ್ಟರಲ್ಲಿ ಮಂತ್ರಿ ಬದಲಾದ್ರು. ಹೊಸಬರಿಗೆ ವಿಷಯ ತಿಳಿಯೋಕೆ ಕಾಲಾವಕಾಶ ಕೇಳಿದೆ. ತಿಳಿಯೋ ಹೊತ್ತಿಗೆ ಅವರೂ ಹೋದ್ರು.

ಷಡ್ಡಕ: ನಮ್ಮಲ್ಲಾದ್ರೆ ಜನ ಕೋರ್ಟಿಗೆ ಹೋಗಿರೋರು.

ಭಾವ: ನಮ್ಮಲ್ಲೂ ಹೋಗ್ತಾರೆ. ಕೋರ್ಟು ಏಳನೇ ಮಹಡೀಲಿದೆ. ಲಿಫ್ಟಲ್ಲೇ ಹೋಗಬೇಕು.

ಷಡ್ಡಕ: ಮತ್ತೆ ಒಕ್ಕೂಟದ ಆ ದೊಡ್ಡ ದೇಶದವರು? ಅವರ ಮೇಲೆ ಒಂದು ನೋಟಿಸೂ ಇಲ್ಲವಲ್ಲ!

ಭಾವ: ಅವರ ಲಿಫ್ಟಲ್ಲಿ ಏನಿತ್ತೋ ಅದನ್ನೇ ಕಾನೂನು ಅಂತ ಬರೆಸಿದ್ರು. ಪಾಲಿಸೋ ತೊಂದರೆಯೇ ಇಲ್ಲ.

(ಮೆಕ್ಯಾನಿಕ್ ಫೋನ್ ತೆಗೆಯಲಿಲ್ಲ. ಹೆಂಡತಿ ಪಕ್ಕದ ಮನೆಯಾಕೆಯನ್ನು ಕರೆತಂದು, ಇಬ್ಬರೂ ಸೇರಿ ಐದನೇ ಮಹಡಿಯ ಬಾಗಿಲನ್ನು ಎಳೆದು ತೆಗೆದರು. ಲಿಫ್ಟಿನ ಮೇಲ್ಭಾಗದಲ್ಲಿ ಒಬ್ಬರು ನುಸುಳುವಷ್ಟು ಸಂದು ಕಂಡಿತು. ಅದರೊಳಗಿಂದ ಸ್ಟೂಲು ಇಳಿಸಿದರು. ಭಾವ ಅದರ ಮೇಲೆ ಹತ್ತಿ, ಅಂಗಿಯ ಎರಡು ಗುಂಡಿ ಕಿತ್ತುಕೊಂಡು, ಹೊಟ್ಟೆಯ ಮೇಲೆ ತೆವಳುತ್ತ ಹೊರಬಿದ್ದ.)

ಹೆಂಡತಿ: ಈಗ ನೀವು ಬನ್ನಿ.

ಷಡ್ಡಕ: ಬರೋ ಹಾಗಿಲ್ಲ ಅಕ್ಕ. ಕಾನೂನಿನ ಎರಡನೇ ಭಾಗ: ತರಬೇತಿ ಪಡೆದ ರಕ್ಷಕ ಬರೋವರೆಗೂ ಪ್ರಯಾಣಿಕ ಕದಲಬಾರದು.

ಹೆಂಡತಿ: ಲಿಫ್ಟೇ ಕದಲಿದ್ರೆ?

ಷಡ್ಡಕ: ಅದು ಮೂರನೇ ಭಾಗ.

(ಲಿಫ್ಟು ಕಿರ್ರೆಂದು ಗೇಣುದ್ದ ಕೆಳಗೆ ಜಾರಿತು. ಷಡ್ಡಕನ ಮುಖ ಬಿಳಿಚಿಕೊಂಡಿತು. ಕಾಲು ಮಾತ್ರ ಇದ್ದಲ್ಲೇ ಇತ್ತು.)

ಹೆಂಡತಿ: ಬನ್ನಿ ಅಂದ್ರೆ! ರೀ, ಏನಾದ್ರೂ ಮಾಡ್ರೀ, ತಂಗಿಗೆ ಏನಂತ ಮುಖ ತೋರಿಸಲಿ? ಆ ತರಬೇತಿ ಪಡೆದೋರು ನಮ್ಮ ದೇಶದಲ್ಲಿ ಯಾರಿದ್ದಾರೆ?

ಭಾವ (ಗಂಟಲು ಸರಿಮಾಡಿಕೊಂಡು): ನಾನು.

ಹೆಂಡತಿ: ನೀವಾ? ಒಂದು ಬಲ್ಬು ಹಾಕೋಕೆ ಬರಲ್ಲ ನಿಮಗೆ!

ಭಾವ: ರಕ್ಷಕರ ಹೆಸರು ಕಳಿಸಿ ಅಂತ ಒಕ್ಕೂಟ ಬೆನ್ನುಬಿತ್ತು. ಯಾರದಾದ್ರೂ ಬರೀಬೇಕಲ್ಲ, ನಂದೇ ಬರೆದೆ. ಪ್ರಮಾಣಪತ್ರಕ್ಕೆ ಸಹಿ ಹಾಕಿದ್ದೂ ನಾನೇ.

ಷಡ್ಡಕ: ಸೀಲು ಇದೆಯಾ?

ಭಾವ: ಇದೆ.

ಷಡ್ಡಕ: ಥೂ, ಇಷ್ಟು ಹೊತ್ತು ಸುಮ್ಮನಿದ್ರಲ್ಲ ಭಾವ! ಕೈ ಕೊಡಿ, ಬೇಗ!

(ಮೂವರೂ ಸೇರಿ ಎಳೆದರು. ಷಡ್ಡಕ ಮೂಟೆಯಂತೆ ನೆಲಕ್ಕೆ ಬಿದ್ದ. ಹೆಂಡತಿ ಬಾಗಿಲು ದಬ್ಬಿ ಮುಚ್ಚಿದ್ದೇ ತಡ, ಲಿಫ್ಟು ಏನೂ ಆಗಿಯೇ ಇಲ್ಲವೆಂಬಂತೆ ಮೇಲೇರಿ ಐದನೇ ಮಹಡಿಯಲ್ಲಿ ಸರಿಯಾಗಿ ನಿಂತು ಬಾಗಿಲು ತೆರೆಯಿತು. ಪಕ್ಕದ ಮನೆಯಾಕೆ ನಗು ತಡೆದುಕೊಂಡು ಒಳಗೆ ಹೋದಳು.)

ಭಾವ: ಏನೇ ಹೇಳು, ನಿಮ್ಮ ದೇಶ ನೋಡಿದ್ರೆ ಹೊಟ್ಟೆ ಉರಿಯುತ್ತೆ. ನೂರಕ್ಕೆ ನೂರು ಪಾಲನೆ ಅಂತ ಒಕ್ಕೂಟ ಸನ್ಮಾನ ಬೇರೆ ಮಾಡ್ತು. ಹೇಗಯ್ಯಾ ಸಾಧ್ಯ ಆಯ್ತು?

(ಷಡ್ಡಕ ಆಚೀಚೆ ನೋಡಿ ದನಿ ತಗ್ಗಿಸಿದ.)

ಷಡ್ಡಕ: ಗಂಟೆ ಎಲ್ಲ ಹಾಕಿದ್ವಿ. ಆದ್ರೆ ರಕ್ಷಕರ ತರಬೇತಿ ಮುಗೀಲೇ ಇಲ್ಲ. ಮುಗಿಯೋ ಮೊದಲೇ ಲಿಫ್ಟು ಓಡಿಸಿದ್ರೆ ಕಾನೂನು ಮುರಿದ ಹಾಗೆ. ಅದಕ್ಕೇ... ದೇಶದ ಲಿಫ್ಟುಗಳನ್ನೆಲ್ಲ ನಿಲ್ಲಿಸಿಬಿಟ್ಟಿದ್ದೀವಿ.

ಹೆಂಡತಿ: ಅಂದ್ರೆ ನನ್ನ ತಂಗಿ ಒಂಬತ್ತನೇ ಮಹಡಿಗೆ...

ಷಡ್ಡಕ: ನಡೆದೇ ಹತ್ತೋದು ಅಕ್ಕ. ಮಂಡಿನೋವು, ಅದಕ್ಕೇ ಇವತ್ತು ಬರಲಿಲ್ಲ.

(ಷಡ್ಡಕ ತೆರೆದ ಲಿಫ್ಟಿನತ್ತ, ಅದರೊಳಗಿನ ದೀಪದತ್ತ, ಸಾಲಾಗಿ ಹೊಳೆಯುವ ಗುಂಡಿಗಳತ್ತ ಆಸೆಯಿಂದ ನೋಡಿದ.)

ಷಡ್ಡಕ: ಭಾವ, ಹೇಗೂ ತರಬೇತಿ ಪಡೆದೋರು ನೀವು ಜೊತೇಲಿದ್ದೀರಿ... ಕೆಳಗಿನವರೆಗೆ ಇನ್ನೊಂದೇ ಒಂದು ಸಲ ಹೋಗಿ ಬರೋಣ್ವಾ?